ಆಲಿಸುವ ಸೇವೆ ಮತ್ತು ನಮ್ಮ ವಿದ್ಯಾರ್ಥಿ ಸ್ವಯಂಸೇವಕರು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಯುವಜನ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಶತಮಾನೋತ್ಸವದ ಸಂಭ್ರಮದಲ್ಲಿ ದೇವಾಲಯದ ಅಂಗಳವೆಲ್ಲ ತೋರಣಗಳಿಂದ ಕಂಗೊಳಿಸುತ್ತಿರುವಾಗ ನಮಗೆ ಒಪ್ಪಿಸಿರುವ ವಿಷಯವು ಸಂಭ್ರಮದ ವಿಷಯವಲ್ಲ. ಸಂಕಟಕ್ಕೆ ಸಿಲುಕಿದ ವಿದ್ಯಾರ್ಥಿಗಳ ಮಾತನ್ನು ದೂರವಾಣಿಯಲ್ಲಿ ಕುಳಿತು ಆಲಿಸುವ ಸೇವೆ, ಆ ಸೇವೆಗಾಗಿ ನಮ್ಮ ಧರ್ಮಕೇಂದ್ರದ ಕೆಲವು ಹುಡುಗ ಹುಡುಗಿಯರು ತಮ್ಮ ವಿಶ್ವವಿದ್ಯಾಲಯದಲ್ಲಿ ಪಡೆಯುತ್ತಿರುವ ತರಬೇತಿ, ಇದೇ ಆ ವಿಷಯ. ಹಬ್ಬದ ಸಭೆಯಲ್ಲಿ ಸಾವಿನ ಮಾತು ಬೇಡವೆಂದು ಒಬ್ಬಿಬ್ಬರು ಹಿರಿಯರು ಸಂಕೋಚಪಟ್ಟರೆಂದು ಕೇಳಿದೆವು. ಅವರ ಸಂಕೋಚವು ನಮಗೆ ಅರ್ಥವಾಗದಿಲ್ಲ. ಆದರೆ ಈ ಸಂಕೋಚವೇ ನಾವು ಇಂದು ಹೇಳಬೇಕಾದುದರ ಅರ್ಧಭಾಗವಾಗಿರುವುದರಿಂದ, ಅವರ ಕ್ಷಮೆ ಕೋರಿ ಮುಂದುವರಿಯುತ್ತೇವೆ.

ನೂರು ವರ್ಷಗಳ ಹಿಂದೆ ಬೆಂಗಳೂರಿನ ಈ ಪಶ್ಚಿಮ ಭಾಗದಲ್ಲಿ ಹೊಲ, ತೋಪು, ಕೆರೆಗಳೇ ಹೆಚ್ಚು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಎಂಬ ಹೆಸರುಗಳೇ ಇರಲಿಲ್ಲ. ಇಂದು ಮೈಸೂರು ರಸ್ತೆಯ ಉದ್ದಕ್ಕೂ ವಿದ್ಯಾಸಂಸ್ಥೆಗಳ ಸಾಲೇ ಇದೆ. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಇಲ್ಲಿದೆ. ಅದಕ್ಕೂ ಆಚೆ, ಕೆಂಗೇರಿಯ ಕಡೆಗೆ, ಸಿ.ಎಂ.ಐ. ಗುರುಗಳ ಕ್ರೈಸ್ಟ್ ವಿಶ್ವವಿದ್ಯಾಲಯದ ಆವರಣವಿದೆ. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಿವೆ. ವಿಜಯನಗರ ಮತ್ತು ಚಂದ್ರಾ ಲೇಔಟಿನ ಬೀದಿಗಳಲ್ಲಿ ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗಳಿಗೆ ಸಿದ್ಧಗೊಳಿಸುವ ತರಬೇತಿ ಕೇಂದ್ರಗಳೂ, ಅವುಗಳ ಸುತ್ತ ಪಿ.ಜಿ.ಗಳೂ, ಗಂಟೆಗಟ್ಟಲೆ ಕುಳಿತು ಓದುವುದಕ್ಕೆಂದೇ ಬಾಡಿಗೆಗೆ ಸಿಗುವ ವಾಚನಾಲಯಗಳೂ ತುಂಬಿಕೊಂಡಿವೆ. ರಾಯಚೂರು, ಕಲಬುರಗಿ, ವಿಜಯಪುರ, ಕೊಪ್ಪಳದ ಕಡೆಯಿಂದ ಬಂದ ಮಕ್ಕಳು ಅಲ್ಲಿ ನಾಲ್ವರಿಗೊಂದು ಕೋಣೆಯಲ್ಲಿ ಎರಡು ವರ್ಷ, ಮೂರು ವರ್ಷ ಕಳೆಯುತ್ತಾರೆ. ತಂದೆ ಹೊಲ ಅಡವಿಟ್ಟು ಕಳುಹಿಸಿದ ಹಣ, ಊರಿನಲ್ಲಿ ಕಾದಿರುವ ತಂಗಿಯ ಮದುವೆ, ಮತ್ತೆ ಮತ್ತೆ ಮುಂದಕ್ಕೆ ಹೋಗುವ ನೇಮಕಾತಿ ಪರೀಕ್ಷೆ. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ ಇಂಥವರಲ್ಲಿ ಕೆಲವರು ನಮ್ಮ ಭಾನುವಾರದ ಬಲಿಪೂಜೆಗೂ ಬರುತ್ತಾರೆ. ಕೊನೆಯ ಬೆಂಚಿನಲ್ಲಿ ಕುಳಿತು, ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುತ್ತಾರೆ. ಅವರ ಹೆಸರೇನೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದ ಪ್ರಕಾರ 2022ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ದಿನವೊಂದಕ್ಕೆ ಮೂವತ್ತೈದಕ್ಕೂ ಮೇಲೆ. ದಾಖಲೆಗೆ ಬಾರದವರನ್ನು ಇದಕ್ಕೆ ಸೇರಿಸಿಲ್ಲ. ಅಂಕಿಗಳ ಬಗ್ಗೆ ಇಷ್ಟು ಸಾಕು, ಅಂಕಿಗಳಿಗೆ ಮುಖವಿರುವುದಿಲ್ಲ.

ಮುಖವಿರುವ ಒಂದು ಸಂಗತಿಯನ್ನು ಹೇಳುತ್ತೇವೆ. ನಾವು ಅಧ್ಯಾಪಕ ವೃತ್ತಿಯಲ್ಲಿದ್ದ ಕಾಲ. ಒಂದು ಸಂಜೆ ಉತ್ತರಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ಕುಳಿತಿದ್ದಾಗ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಬಾಗಿಲ ಬಳಿ ಬಂದು ನಿಂತನು. ಒಳಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಏನಪ್ಪಾ ಎಂದೆವು. "ಏನಿಲ್ಲ ಸಾರ್, ಓದಕ್ಕೆ ಮನಸ್ಸೇ ಆಗ್ತಿಲ್ಲ, ಯಾವುದರಲ್ಲೂ ಏನೂ ಇಲ್ಲ ಅನ್ಸುತ್ತೆ" ಎಂದನು. ನಾವು ಲೇಖನಿಯನ್ನು ಕೆಳಗಿಡಲೂ ಇಲ್ಲ. ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕು, ಬೆಳಿಗ್ಗೆ ಬೇಗ ಏಳಬೇಕು, ದೇವರಲ್ಲಿ ಭರವಸೆ ಇಡಬೇಕು, ತಂದೆ ತಾಯಿಯರ ಕಷ್ಟವನ್ನು ನೆನೆಯಬೇಕು ಎಂದು ನಾಲ್ಕು ಒಳ್ಳೆಯ ಮಾತುಗಳನ್ನು ಹೇಳಿದೆವು. "ಸರಿ ಸಾರ್" ಎಂದು ಹೋದನು. ಕರ್ತವ್ಯ ಮಾಡಿದ ತೃಪ್ತಿ ನಮಗೆ. ಮುಂದಿನ ಅವಧಿಗೆ ಅವನ ಜಾಗ ಖಾಲಿಯಿತ್ತು. ವಿದ್ಯಾರ್ಥಿನಿಲಯದಲ್ಲಿ ವಿಚಾರಿಸಿದರೆ ಊರಿಗೆ ಹೋದವನು ಮರಳಲಿಲ್ಲವೆಂದರು. ಎರಡು ಪತ್ರ ಬರೆದೆವು, ಉತ್ತರ ಬರಲಿಲ್ಲ. ಅವನು ಎಲ್ಲಿಯಾದರೂ ಸುಖವಾಗಿ ಸಂಸಾರ ಮಾಡಿಕೊಂಡಿರಬಹುದು. ಹಾಗೆಯೇ ಇರಲೆಂದು ಇಂದಿಗೂ ಪ್ರಾರ್ಥಿಸುತ್ತೇವೆ. ಆದರೆ ಅವನು ಹೇಳಲು ಬಂದಿದ್ದುದು ಏನು ಎಂಬುದು ನಮಗೆ ತಿಳಿಯಲಿಲ್ಲ. ಏಕೆಂದರೆ ನಾವು ಕೇಳಲಿಲ್ಲ. ನಿವೃತ್ತರಾದ ಮೇಲೆ ಈ ಆಲಿಸುವ ಸೇವೆಯ ತರಬೇತಿಗೆ ವಿದ್ಯಾರ್ಥಿಗಳ ನಡುವೆ ನಾವೂ ಹೋಗಿ ಕುಳಿತುದಕ್ಕೆ, ಈಗ ಅಲ್ಲಿ ಕೈಲಾದ ನೆರವು ನೀಡುತ್ತಿರುವುದಕ್ಕೆ, ಆ ಸಂಜೆಯೇ ಕಾರಣ.

ಈ ಸೇವೆಯ ಮೂಲವೂ ಒಬ್ಬ ಪಾದ್ರಿಯ ಇಂಥದೇ ಕೊರಗಿನಲ್ಲಿದೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಚಾಡ್ ವಾರಾ ಎಂಬ ಗುರುಗಳು ತಾವು ಯುವಕರಾಗಿದ್ದಾಗ ನಡೆಸಿಕೊಟ್ಟ ಮೊದಲ ಶವಸಂಸ್ಕಾರವು ಹದಿಹರೆಯದ ಬಾಲಕಿಯೊಬ್ಬಳದು. ಮುಟ್ಟಾದುದನ್ನು ಯಾವುದೋ ಹೀನ ರೋಗವೆಂದು ಭಾವಿಸಿ, ಕೇಳಲು ಯಾರೂ ಇಲ್ಲದೆ ಆಕೆ ಪ್ರಾಣ ಕಳೆದುಕೊಂಡಿದ್ದಳು. ಅದನ್ನು ಮರೆಯಲಾರದ ಅವರು 1953ರ ನವೆಂಬರಿನಲ್ಲಿ ಲಂಡನ್ನಿನ ತಮ್ಮ ದೇವಾಲಯದಲ್ಲಿ ಒಂದು ದೂರವಾಣಿಯನ್ನಿಟ್ಟು, ಬದುಕು ಬೇಡವೆನಿಸಿದವರು ಕರೆಯಿರಿ ಎಂದು ಸಾರಿದರು. ಕರೆಗಳು ಬಂದವು, ಜನರೂ ಬಂದರು. ಗುರುಗಳನ್ನು ಕಾಣಲು ಕಾದಿರುವವರಿಗೆ ಚಹಾ ಕೊಟ್ಟು ಜೊತೆಯಲ್ಲಿ ಕುಳಿತುಕೊಳ್ಳಲೆಂದು ಕೆಲವು ಸಾಮಾನ್ಯ ಭಕ್ತರು ನೆರವಿಗೆ ನಿಂತರು. ಸ್ವಲ್ಪ ಕಾಲದಲ್ಲಿಯೇ ವಾರಾ ಅವರು ಒಂದು ವಿಚಿತ್ರವನ್ನು ಗಮನಿಸಿದರು: ಹೊರಗೆ ಚಹಾ ಕುಡಿದು ಮಾತನಾಡಿದವರಲ್ಲಿ ಅನೇಕರಿಗೆ ಒಳಗೆ ಬಂದು ಗುರುಗಳನ್ನು ಕಾಣುವ ಅಗತ್ಯವೇ ಬೀಳುತ್ತಿರಲಿಲ್ಲ! ತಮಗಿಂತ ಆ ಚಹಾ ಕೊಡುವವರೇ ಈ ಕೆಲಸಕ್ಕೆ ಹೆಚ್ಚು ತಕ್ಕವರೆಂದು ಒಪ್ಪಿಕೊಂಡು, 1954ರಲ್ಲಿ ಅವರು ದೂರವಾಣಿಯನ್ನು ಸ್ವಯಂಸೇವಕರ ಕೈಗೆ ಒಪ್ಪಿಸಿದರು. ಸಮಾರಿಟನ್ಸ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಗುರುಗಳಾದವರಿಗೆ ಇಂಥ ವಿನಯ ಸುಲಭವಲ್ಲ; ವೇದಿಕೆಯ ಮೇಲಿರುವ ಪೂಜ್ಯರು ನಗುತ್ತಿರುವುದರಿಂದ ಧೈರ್ಯವಾಗಿ ಹೇಳಿದೆವು.

1970ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ರಾತ್ರಿಯಿಡೀ ಸಹವಿದ್ಯಾರ್ಥಿಗಳ ಕರೆಗಳನ್ನು ಸ್ವೀಕರಿಸುವ ನೈಟ್‌ಲೈನ್ ಎಂಬ ಸೇವೆ ಮೊದಲಾಗಿ, ಇತರ ವಿಶ್ವವಿದ್ಯಾಲಯಗಳಿಗೂ ಹರಡಿತು. ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈಯಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಅವರು ಸ್ನೇಹಾ ಸಂಸ್ಥೆಯನ್ನು ಸ್ವಯಂಸೇವಕರ ಬಲದಿಂದಲೇ ಕಟ್ಟಿದರು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿಂದ ಎರಡು ದೂರವಾಣಿಗಳು ಹೊರಟವು: 1996ರಲ್ಲಿ ಬೀದಿಯ ಮಕ್ಕಳಿಗಾಗಿ 1098ರ ಚೈಲ್ಡ್‌ಲೈನ್, 2012ರಲ್ಲಿ ಮನಸ್ಸಿನ ಸಂಕಟಗಳಿಗಾಗಿ ಐಕಾಲ್. ಎರಡನೆಯದರಲ್ಲಿ ಕರೆ ಸ್ವೀಕರಿಸುವವರು ಆ ವಿದ್ಯೆಯನ್ನೇ ಓದಿ ಬಂದ ಸಮಾಲೋಚಕರು. ನಮ್ಮ ಬೆಂಗಳೂರಿನಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಎಂಬ ಸಂಸ್ಥೆಯಿದೆ. ವೈದ್ಯನ ಕೆಲಸವನ್ನೂ ಕುರುಬನ ಕೆಲಸವನ್ನೂ ಒಂದೇ ಹೆಸರಿನಲ್ಲಿ ಬೆಸೆದದ್ದು ನಮಗೆ ಬಹಳ ಪ್ರಿಯವಾಗಿದೆ. ಅದು ರೋಟರಿ ಸಂಸ್ಥೆ ಮತ್ತು ನಿಮ್ಹಾನ್ಸ್ ಜೊತೆಗೂಡಿ 2002ರಲ್ಲಿ ಸಹಾಯ್ ಎಂಬ ದೂರವಾಣಿಯನ್ನು ಆರಂಭಿಸಿತು.

ಇಲ್ಲಿ ಯುವಮಿತ್ರರಿಗೆ ಇನ್ನೊಂದು ನೆನಪನ್ನು ಕೊಡಬೇಕು. 1980ರಲ್ಲಿ ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ದೈವಶಾಸ್ತ್ರ ಓದುತ್ತಿದ್ದ ಸಲೇಷಿಯನ್ ಸಭೆಯ ಕೆಲವು ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ಈ ನಗರದ ಬೀದಿಗಳಿಗೆ ಹೋಗಿ, ಚಿಂದಿ ಆಯುವ ಮಕ್ಕಳೊಡನೆ ಕುಳಿತು ಮಾತನಾಡತೊಡಗಿದರು. ಅದೇ ಮುಂದೆ ಬೆಂಗಳೂರು ಓಣಿಯವರ ಸೇವಾ ಕೂಟವಾಗಿ ಬೆಳೆಯಿತು. ನಾವೆಲ್ಲ ಬಾಸ್ಕೋ ಎಂದು ಕರೆಯುವುದು ಅದನ್ನೇ. ಪದವಿ ಮುಗಿಯುವ ತನಕ ಸೇವೆ ಕಾಯಬೇಕಾಗಿಲ್ಲ ಎಂಬುದಕ್ಕೆ ನಮ್ಮೂರಿನಲ್ಲಿಯೇ ಸಾಕ್ಷಿಯಿದೆ.

ಆದರೆ ಉತ್ಸಾಹವೊಂದೇ ಸಾಲದು. ತರಬೇತಿಯ ವಿಷಯಕ್ಕೆ ಬರುತ್ತೇವೆ.

ಬರುವ ಮಕ್ಕಳೆಲ್ಲರೂ ಮೊದಲ ದಿನ ಕೇಳುವ ಪ್ರಶ್ನೆ ಒಂದೇ: ಎಂದಿನಿಂದ ಕರೆ ತೆಗೆದುಕೊಳ್ಳಬಹುದು? ಉತ್ತರ ಕೇಳಿ ಅವರ ಮುಖ ಬಾಡುತ್ತದೆ. ವಾರಗಟ್ಟಲೆ ದೂರವಾಣಿಯನ್ನು ಮುಟ್ಟುವಂತೆಯೇ ಇಲ್ಲ. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕುರ್ಚಿಗಳಲ್ಲಿ ಕೂರಿಸಲಾಗುತ್ತದೆ. ಮುಖ ಕಾಣಬಾರದು, ದನಿ ಮಾತ್ರ ಕೇಳಬೇಕು. ಒಬ್ಬರು ಕರೆ ಮಾಡಿದವರಂತೆ ಮಾತನಾಡಬೇಕು, ಇನ್ನೊಬ್ಬರು ಆಲಿಸಬೇಕು, ಉಳಿದವರು ಗಮನಿಸಬೇಕು. ಈ ಆಟದಲ್ಲಿ ಜಾಣರೇ ಮೊದಲು ಸೋಲುತ್ತಾರೆ. ಮಾತಿನಲ್ಲಿ ಬಲು ಚುರುಕಾದ, ಬೈಬಲ್ ಸ್ಪರ್ಧೆಗಳಲ್ಲಿ ಬಹುಮಾನ ತಂದ ಹುಡುಗಿಯೊಬ್ಬಳು ಎದುರಿನವನ ಪ್ರತಿ ವಾಕ್ಯವನ್ನೂ ತಾನೇ ಪೂರ್ಣಗೊಳಿಸುತ್ತಿದ್ದಳು. "ಅಪ್ಪ ಫೋನ್ ಮಾಡಿದಾಗಲೆಲ್ಲ..." ಎಂದು ಅವನು ತಡೆದರೆ, "ಬಯ್ಯುತ್ತಾರಾ?" ಎಂದು ಅವಳು. ಅವನು ಹೇಳಲಿದ್ದುದು ಬೇರೆ: ಅಪ್ಪ ಫೋನ್ ಮಾಡಿದಾಗಲೆಲ್ಲ ಅಳುತ್ತಾರೆ ಎಂದು. ತಪ್ಪು ಊಹೆಗೆ ಅವನು ಹೂಂ ಎಂದುಬಿಟ್ಟನು; ಸಂಕಟದಲ್ಲಿರುವವರು ಹೀಗೆಯೇ, ತಿದ್ದುವ ಶಕ್ತಿಯೂ ಅವರಲ್ಲಿ ಇರುವುದಿಲ್ಲ. ಆ ಹುಡುಗಿ ಅಂದು ಅತ್ತಳು. ಇಂದು ಅವಳಷ್ಟು ತಾಳ್ಮೆಯಿಂದ ಆಲಿಸುವವರು ಕಡಿಮೆ. ಇನ್ನೊಬ್ಬನು, ಬಲಿಪೀಠದ ಸೇವಕನಾಗಿ ನಿಮಗೆಲ್ಲ ಕಂಡಿರುವವನು, ಹತ್ತು ಮಾತಿಗೆ ಒಂದು ಮಾತಾಡದವನು, ಮೊದಲ ವಾರದಲ್ಲಿಯೇ ಎಲ್ಲರಿಗಿಂತ ಮುಂದೆ ಹೋದನು.

ಮೌನವನ್ನು ಗಡಿಯಾರ ಹಿಡಿದು ಕಲಿಸಬೇಕಾಗುತ್ತದೆ. ಒಂದು ನಿಮಿಷ ಯಾರೂ ಮಾತನಾಡಕೂಡದು ಎಂದರೆ ಇಪ್ಪತ್ತು ಸೆಕೆಂಡಿಗೇ ಕೆಮ್ಮು, ನಗು, ಕುರ್ಚಿಯ ಸದ್ದು. ದೂರವಾಣಿಯಲ್ಲಿ ಆ ಒಂದು ನಿಮಿಷ ಇನ್ನೂ ದೀರ್ಘ. ಕರೆ ಮಾಡಿದವನು ಅಳುತ್ತಿರಬಹುದು, ಹೇಳಲೋ ಬೇಡವೋ ಎಂದು ತೂಗುತ್ತಿರಬಹುದು. "ಇಲ್ಲೇ ಇದ್ದೇನೆ, ನಿಧಾನವಾಗಿ ಹೇಳಿ" ಎಂಬಷ್ಟನ್ನು ಬಿಟ್ಟು ಬೇರೇನೂ ಆಗ ಬೇಕಾಗಿಲ್ಲ.

"ಏಕೆ" ಎಂಬ ಪ್ರಶ್ನೆಯನ್ನು ಆದಷ್ಟು ಕೈಬಿಡಬೇಕು. ಏಕೆ ಹೀಗೆ ಮಾಡಿದೆ ಎಂದರೆ ಕನ್ನಡದಲ್ಲಿ ಅದು ಪ್ರಶ್ನೆಗಿಂತ ಬೈಗುಳವಾಗಿಯೇ ಕಿವಿಗೆ ಬೀಳುತ್ತದೆ. ಏನಾಯಿತು, ಆಗ ಹೇಗನಿಸಿತು, ಇಂದು ರಾತ್ರಿ ಹೇಗಿದೆ, ಹೀಗೆ ಕೇಳಬೇಕು. ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. "ಸಾಯಬೇಕೆಂದು ಅನಿಸುತ್ತಿದೆಯೇ?" ಎಂದು ನೇರವಾಗಿ, ದನಿ ನಡುಗದೆ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ ಎಂದು ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲವೆಂದು ಈ ಕ್ಷೇತ್ರದ ಅಧ್ಯಯನಗಳು ತೋರಿಸಿವೆ. ಒಳಗೊಳಗೇ ಬೇಯುತ್ತಿದ್ದವನಿಗೆ, ಈ ಮಾತನ್ನು ಬಾಯಿಬಿಟ್ಟು ಆಡಬಹುದಾದ ಒಬ್ಬ ಮನುಷ್ಯನಾದರೂ ಸಿಕ್ಕಿದನಲ್ಲಾ ಎಂದು ಉಸಿರು ಬಿಡುವಂತಾಗುತ್ತದೆ. ಈ ಪ್ರಶ್ನೆಯನ್ನು ಹುಡುಗರು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಾರೆ. ನಾವೂ ಮಾಡಿದೆವು, ಮೊದಲು ದನಿ ಹೊರಡಲೇ ಇಲ್ಲ.

ಇನ್ನು ಭಾಷೆಯ ಮಾತು. ಪಠ್ಯಗಳೆಲ್ಲ ಇಂಗ್ಲಿಷಿನಲ್ಲಿ. ಡಿಪ್ರೆಷನ್, ಆಂಗ್ಸೈಟಿ, ಸ್ಟ್ರೆಸ್ ಎಂಬ ಪದಗಳನ್ನು ನಮ್ಮ ಮಕ್ಕಳು ಸರಾಗವಾಗಿ ಆಡುತ್ತಾರೆ. ಕರೆ ಮಾಡುವವನು ಆ ಪದಗಳನ್ನು ಆಡಬೇಕಲ್ಲ! ಅವನು ಹೇಳುವುದು "ಬೇಜಾರು" ಎಂದು. ಈ ಬೇಜಾರು ಎಂಬ ಪದವು ಎಂಥ ಪದವೆಂದು ನೋಡಿ: ಬಸ್ಸು ತಡವಾದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡವಾದರೂ ಬೇಜಾರು. ಯಾವ ಬೇಜಾರು ಎಂಬುದು ದನಿಯಲ್ಲಿದೆ, ಪದದಲ್ಲಿಲ್ಲ. "ಸಾಕಾಗಿ ಹೋಗಿದೆ" ಎಂಬುದೂ ಹಾಗೆಯೇ. ಮನೆಗೆಲಸ ಮುಗಿಸಿದ ತಾಯಿಯೂ ದಿನಕ್ಕೆರಡು ಸಲ ಹೇಳುತ್ತಾಳೆ. ಉತ್ತರ ಕರ್ನಾಟಕದ ಹುಡುಗನೊಬ್ಬನ ಪಾತ್ರವನ್ನು ಅಭಿನಯಿಸುತ್ತಿದ್ದವನು "ಜೀವಕ್ಕ ಸಾಕಾಗೇತ್ರಿ" ಎಂದಾಗ ಬೆಂಗಳೂರಿನ ನಮ್ಮ ಹುಡುಗಿ ನಕ್ಕುಬಿಟ್ಟಳು. ಸಿನಿಮಾದಲ್ಲಿ ಕೇಳಿದ ಹಾಸ್ಯದ ಭಾಷೆಯೆಂದು ಅವಳ ಕಿವಿ ತಿಳಿಯಿತು. ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ರಾಯಚೂರಿನ ಕಡೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಗಂಟೆ ಮಾತು ಕೇಳಿಸಿದೆವು.

ನೀವು ಎನ್ನಬೇಕೋ, ನೀನು ಎನ್ನಬೇಕೋ ಎಂಬುದೂ ದೊಡ್ಡ ಚರ್ಚೆ. ನೀವು ಎಂದರೆ ಬ್ಯಾಂಕಿನವರು ಮಾತನಾಡಿದಂತಿರುತ್ತದೆ ಎಂದು ಕೆಲವರು. ನೀನು ಎಂದರೆ ಸಣ್ಣವನನ್ನಾಗಿ ಮಾಡಿದಂತೆ ಎಂದು ಇನ್ನು ಕೆಲವರು. ನೀವು ಎಂದೇ ಮೊದಲು ಮಾಡಿ, ಕರೆ ಮಾಡಿದವರು ಅಕ್ಕಾ, ಅಣ್ಣಾ ಎಂದು ತಾವಾಗಿ ಹತ್ತಿರ ಬಂದರೆ ಆಗ ನೋಡೋಣ ಎಂಬಲ್ಲಿಗೆ ಈಗ ನಿಂತಿದೆ. ಕನ್ನಡದಲ್ಲಿ ಕೌನ್ಸೆಲಿಂಗಿಗೆ ಆಪ್ತಸಮಾಲೋಚನೆ ಎಂಬ ಪದ ಬಳಕೆಗೆ ಬಂದಿದೆಯಷ್ಟೆ. ಮೂಲದಲ್ಲಿಲ್ಲದ ಆಪ್ತ ಎಂಬುದನ್ನು ಯಾರು ಸೇರಿಸಿದರೋ, ಅವರು ಕನ್ನಡಿಗರ ಮನಸ್ಸನ್ನು ಬಲ್ಲವರು. ಆದರೆ ನಮ್ಮ ಜನರಿಗೆ ಆಪ್ತರೆಂದರೆ ಬುದ್ಧಿ ಹೇಳುವವರು. ಪ್ರೀತಿಯಿದ್ದರೆ ಬುದ್ಧಿ ಹೇಳಲೇಬೇಕು ಎಂಬುದು ನಮ್ಮ ರಕ್ತದಲ್ಲಿ ಇದೆ. ಅದನ್ನು ಬಿಡಿಸುವುದಕ್ಕೇ ತರಬೇತಿಯ ಹೆಚ್ಚಿನ ಕಾಲ ಹೋಗುತ್ತದೆ.

ಪವಿತ್ರ ಗ್ರಂಥವನ್ನು ಓದಿದವರಿಗೆ ಇದು ಹೊಸದಾಗಬೇಕಾಗಿಲ್ಲ. ಪ್ರವಾದಿ ಎಲೀಯನು ಜೀವಭಯದಿಂದ ಮರುಭೂಮಿಗೆ ಓಡಿ, ಗಿಡವೊಂದರ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡಿದ ಸಂಗತಿ ಅರಸರ ಮೊದಲನೆಯ ಗ್ರಂಥದಲ್ಲಿದೆ. ಆಗ ಬಂದ ದೇವದೂತನು ಏನು ಮಾಡಿದನು? ಪ್ರವಾದಿಯಾದ ನೀನೇ ಹೀಗೆನ್ನಬಹುದೇ ಎಂದು ಗದರಿಸಲಿಲ್ಲ. ನಿದ್ರಿಸಿದವನನ್ನು ಮುಟ್ಟಿ ಎಬ್ಬಿಸಿ, ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ತಿಂದು ಮತ್ತೆ ಮಲಗಿದನು. ದೇವದೂತನು ಎರಡನೆಯ ಸಲವೂ ರೊಟ್ಟಿಯನ್ನೇ ಕೊಟ್ಟನು. ಮುಂದೆ ಹೋರೇಬ್ ಬೆಟ್ಟದಲ್ಲಿ ದೇವರು ಇಲ್ಲೇನು ಮಾಡುತ್ತಿರುವೆ ಎಂದು ಎರಡು ಸಲ ಕೇಳುತ್ತಾರೆ. ಎಲೀಯನು ಎರಡು ಸಲವೂ ಅದೇ ದೂರನ್ನು ಅದೇ ಮಾತುಗಳಲ್ಲಿ ಒಪ್ಪಿಸುತ್ತಾನೆ. ಆಗಲೇ ಹೇಳಿದೆಯಲ್ಲ ಎಂದು ದೇವರು ಅನ್ನಲಿಲ್ಲ. ಒಂದೇ ಕಥೆಯನ್ನು ಮೂರನೆಯ ಸಲ ಕೇಳಬೇಕಾಗಿ ಬಂದಾಗ ನಮ್ಮ ಸ್ವಯಂಸೇವಕರು ನೆನೆಯುವುದು ಈ ಬೆಟ್ಟವನ್ನು. ಯೋಬನ ಮಿತ್ರರನ್ನೂ ನೆನೆಯಬಹುದು. ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನೊಡನೆ ಬಾಯಿಬಿಡದೆ ಕುಳಿತಿದ್ದಷ್ಟು ಕಾಲ ಅವರು ಒಳ್ಳೆಯ ಮಿತ್ರರಾಗಿದ್ದರು. ಆಮೇಲೆ ಬಾಯಿ ತೆರೆದರು.

ಕ್ರೈಸ್ತರಾದ ನಮ್ಮ ಮಕ್ಕಳಿಗೆ ಮತ್ತೊಂದು ತೊಡಕುಂಟು. ಗುಟ್ಟು ಎಂದರೆ ಅವರಿಗೆ ನೆನಪಾಗುವುದು ಪಾಪನಿವೇದನೆ. ಅಲ್ಲಿ ಕೇಳಿದುದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ, ಪ್ರಾಣ ಹೋದರೂ ಇಲ್ಲ. ಆಲಿಸುವ ಸೇವೆಯಲ್ಲಿಯೂ ಗೌಪ್ಯವುಂಟು. ಗೆಳೆಯರಲ್ಲಿ, ಮನೆಯಲ್ಲಿ, ಪ್ರಾರ್ಥನಾಕೂಟದಲ್ಲಿ ಸಹ ಒಂದಕ್ಷರ ಆಡಬಾರದು. ಹೆಸರು ಹೇಳದೆ ಪ್ರಾರ್ಥಿಸಿದರೂ ಗುರುತು ಸಿಕ್ಕೀತು. ಆದರೆ ಇದು ಸಂಸ್ಕಾರದ ಮುದ್ರೆಯಲ್ಲ, ಇದಕ್ಕೆ ಮಿತಿಯಿದೆ. ಪ್ರಾಣಕ್ಕೆ ಈಗಲೇ ಅಪಾಯವಿದೆಯೆಂದು ತಿಳಿದರೆ ಸ್ವಯಂಸೇವಕನು ಆ ಕ್ಷಣವೇ ಮೇಲ್ವಿಚಾರಕರಿಗೆ ತಿಳಿಸಬೇಕು. ಹಾಗೆ ತಿಳಿಸಬೇಕಾಗುವುದೆಂದು ಕರೆ ಮಾಡಿದವರಿಗೂ ಹೇಳಬೇಕು. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡು ಎಂದು ಅವರು ಬೇಡಿದಾಗ ಆಣೆ ಮಾಡದಿರುವುದು ಹತ್ತೊಂಬತ್ತು ವರ್ಷದ ಹುಡುಗಿಗೆ ಎಷ್ಟು ಕಷ್ಟವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಮಿತಿಗಳು ಇನ್ನೂ ಇವೆ. ಸ್ವಯಂಸೇವಕರು ವೈದ್ಯರಲ್ಲ, ರೋಗಕ್ಕೆ ಹೆಸರಿಡಬಾರದು, ಔಷಧದ ಬಗ್ಗೆ ಮಾತನಾಡಬಾರದು. ತಮ್ಮ ಸ್ವಂತ ದೂರವಾಣಿ ಸಂಖ್ಯೆಯನ್ನು ಕೊಡಬಾರದು. ಒಬ್ಬರೇ ಕೂರಬಾರದು. ಕಷ್ಟದ ಕರೆಯ ನಂತರ ಮನೆಗೆ ಹೋಗುವ ಮುನ್ನ ಮೇಲ್ವಿಚಾರಕರೊಡನೆ ಕುಳಿತು ಮನಸ್ಸನ್ನು ಇಳಿಸಿಕೊಂಡೇ ಹೋಗಬೇಕು. ತರಬೇತಿ ಮುಗಿಸಿದ ಎಲ್ಲರನ್ನೂ ಆರಿಸುವುದೂ ಇಲ್ಲ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ವಿದ್ಯಾರ್ಥಿಯೊಬ್ಬನಿಗೆ ಈ ವರ್ಷ ಬೇಡವೆಂದಾಗ ಅವನಿಗೆ ಅವಮಾನವಾಯಿತು, ಅವನ ತಂದೆಗೆ ಕೋಪ ಬಂದಿತು. ನಮ್ಮ ಮನೆಗೇ ಬಂದು ಜಗಳವಾಡಿದರು. ಅವರ ನೋವು ಸಹಜ, ನಿರ್ಧಾರವೂ ಸರಿಯಾಗಿತ್ತು.

ಕೆಲವರು ಕೇಳಬಹುದು: ಸರ್ಕಾರದ್ದೇ ಸೇವೆಯಿರುವಾಗ ವಿದ್ಯಾರ್ಥಿಗಳೇಕೆ? ನಿಜ, ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ ನಿಮ್ಹಾನ್ಸ್ ಮನೋಸಾಮಾಜಿಕ ದೂರವಾಣಿಯನ್ನು ತೆರೆಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸೇವೆ ಆರಂಭವಾಯಿತು. ಅದರ ಸಂಖ್ಯೆ 14416. ಹಗಲು ರಾತ್ರಿ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ವೃತ್ತಿಪರರು ಬೇಕಾದಲ್ಲಿ ಅವರೇ ಬೇಕು, ನಮ್ಮ ಮಕ್ಕಳೂ ಅಲ್ಲಿಗೇ ದಾರಿ ತೋರುತ್ತಾರೆ. ಆದರೆ ಸರ್ಕಾರದ ಸಂಖ್ಯೆಯನ್ನು ಒತ್ತಲು ಹಿಂಜರಿಯುವ ವಿದ್ಯಾರ್ಥಿಯು ತನ್ನಂತೆಯೇ ಬ್ಯಾಕ್‌ಲಾಗ್ ಕಟ್ಟಿದ, ತನ್ನಂತೆಯೇ ಹಾಸ್ಟೆಲಿನ ಸಾರು ಉಂಡ ಮತ್ತೊಬ್ಬ ವಿದ್ಯಾರ್ಥಿಯ ಬಳಿ ಬಾಯಿಬಿಡುತ್ತಾನೆ. ಅಷ್ಟು ಮಟ್ಟಿಗೆ ಇವರ ಉಪಯೋಗ.

ಕೊನೆಯದಾಗಿ ನಮ್ಮ ಧರ್ಮಸಭೆಯ ಮಾತು, ನಮ್ಮ ಧರ್ಮಕೇಂದ್ರದ ಮಾತು. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ, ಅವರು ಸಾಯುವ ಮುನ್ನ ಪಶ್ಚಾತ್ತಾಪ ತೋರದಿದ್ದರೆ, ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಜಾರಿಗೆ ತಂದ ಹೊಸ ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರ ಧರ್ಮೋಪದೇಶ ಗ್ರಂಥವು ಜೀವವು ದೇವರದೆಂಬ ಬೋಧನೆಯನ್ನು ಸಡಿಲಿಸದೆಯೇ, ತೀವ್ರವಾದ ಮನೋವ್ಯಥೆಯೂ ಭಯವೂ ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆಂದೂ, ಹೀಗೆ ತೀರಿಕೊಂಡವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆಂದೂ ತಿಳಿಸುತ್ತದೆ. ದೇಶದ ಕಾನೂನೂ ಬದಲಾಯಿತು: 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು, 2024ರ ಜುಲೈಯಿಂದ ಹಳೆಯ ದಂಡಸಂಹಿತೆಯ 309ನೆಯ ವಿಧಿಯೂ ಇಲ್ಲವಾಯಿತು. ಪುಸ್ತಕಗಳೆಲ್ಲ ಬದಲಾದರೂ ನಮ್ಮ ನಾಲಗೆ ಬದಲಾಗಿಲ್ಲ. ಇದೇ ಸಮಾಧಿಭೂಮಿಯಲ್ಲಿ ಮಗನನ್ನು ಮಣ್ಣು ಮಾಡಿದ ತಾಯಿಯೊಬ್ಬರು ಜ್ವರದಿಂದ ತೀರಿಕೊಂಡನೆಂದು ಹನ್ನೊಂದು ವರ್ಷ ಹೇಳಿಕೊಂಡು ಬಂದರು. ನಾವೆಲ್ಲರೂ ನಂಬಿದವರಂತೆ ನಟಿಸಿ, ಗೇಟಿನಾಚೆ ಪಿಸುಗುಟ್ಟಿದೆವು. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇವೆ. "ಯಾರಾದರೂ ಒಬ್ಬರು ಅವನ ಹೆಸರು ಹಿಡಿದು ನೇರವಾಗಿ ಕೇಳಿದ್ದರೆ ಅಂದೇ ಹೇಳಿಬಿಡುತ್ತಿದ್ದೆ" ಎಂದರು.

ಹೀಗಿರುವುದರಿಂದ ತರಬೇತಿಯ ಮೊದ ಮೊದಲ ಪಾಠಗಳು ಸ್ವಯಂಸೇವಕರಿಗೆ ಮಾತ್ರವಲ್ಲದೆ ನಮಗೂ ಬೇಕೆಂದು ಕೋರುತ್ತೇವೆ. ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು, ಮರಿಯ ಸೇನೆಯವರು ಮನೆಮನೆಗೆ ಹೋಗುತ್ತಾರೆ. ಅವರು ಎರಡು ದಿನ ಬಂದು ಕುಳಿತರೆ ಸಾಕು. ಸ್ವಯಂಸೇವಕರ ತಂದೆತಾಯಿಯರು ಮಕ್ಕಳು ತಡವಾಗಿ ಮನೆಗೆ ಬಂದ ದಿನ, ಇಂದು ಯಾರು ಕರೆ ಮಾಡಿದ್ದರು, ಏನಂದರು ಎಂದು ಕೆದಕಬೇಡಿ, ಊಟ ಬಡಿಸಿ. ಭಾನುವಾರ ಕೊನೆಯ ಬೆಂಚಿನಲ್ಲಿ ಕೂರುವವರ ಪಕ್ಕದಲ್ಲಿ ಒಬ್ಬರಾದರೂ ಕೂರಿ. ಊರು ಯಾವುದೆಂದು ಕೇಳಿ, ಪರೀಕ್ಷೆ ಏನಾಯಿತೆಂದು ಮೊದಲೇ ಕೇಳಬೇಡಿ. 14416 ಎಂಬ ಸಂಖ್ಯೆಯನ್ನು ದೇವಾಲಯದ ಪ್ರಕಟಣಾ ಫಲಕದಲ್ಲಿ ಬರೆಸಲು ಗುರುಗಳು ಒಪ್ಪಿದ್ದಾರೆ. ಶೌಚಾಲಯದ ಗೋಡೆಯ ಮೇಲೂ ಬರೆಸಬೇಕೆಂಬುದು ಹುಡುಗರ ಸಲಹೆ. ಯಾರೂ ನೋಡದಂತೆ ಬರೆದುಕೊಳ್ಳಲು ಅದೇ ತಕ್ಕ ಸ್ಥಳವೆಂದು ಅವರು ಹೇಳಿದಾಗ ನಮಗೆ ಹೊಳೆದಿರಲಿಲ್ಲ.

ಮುಂದಿನ ತಂಡಕ್ಕೆ ಸೇರಬಯಸುವ ವಿದ್ಯಾರ್ಥಿಗಳು ಸಭೆಯ ನಂತರ ಪಕ್ಕದ ಕೋಣೆಯಲ್ಲಿ ಹೆಸರು ಬರೆಸಬಹುದು. ಅಲ್ಲಿ ಇಂದು ಭಾಷಣವಿರುವುದಿಲ್ಲ. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ಇಟ್ಟಿದ್ದೇವೆ. ಸೆಮಿಸ್ಟರ್ ಪರೀಕ್ಷೆಯಿರುವವರು ಅದನ್ನು ಮುಗಿಸಿಕೊಂಡೇ ಬರಲಿ, ನಾವು ಕಾಯುತ್ತೇವೆ.